ಸಾಸಿವೆಗೊಂದು ಮೊಹರು

ಅವೆನ್ಯೂ ರಸ್ತೆಯ ಈ ಸಂದಿಗೆ
ಬಿಸಿಲು ಹನ್ನೊಂದೂವರೆಗೆ ಬಂದು
ಹನ್ನೆರಡಕ್ಕೆ ಹೊರಡುತ್ತದೆ.
ಯಾರೂ ಸಹಿ ಕೇಳುವುದಿಲ್ಲ.

ಆ ಅರ್ಧ ಗಂಟೆಯಲ್ಲೇ ಬಂದರು
ಎಚ್‌ಎಎಲ್‌ನಲ್ಲಿ ಮೂವತ್ತೊಂದು ವರ್ಷ ರಿವೆಟ್ ಎಣಿಸಿದ
ಫಿಲೊಮಿನಾ ಮೇಡಂ.
ಮೂಗು ಸಿಪ್ಪೆ ಸುಲಿದಿದೆ, ಅಂಗೈ ತುಂಬ ಹಗ್ಗದ ಬರೆ.
“ದುಂಡಗಿರಲಿ ಕಣಮ್ಮ, ನಡುವೆ ಲಂಗರು,
ಸುತ್ತ ದೋಣಿಯ ಹೆಸರು: ಸಾಸಿವೆ.”

ಪಂಚಾಯಿತಿಗೆ, ನೋಟರಿಗೆ, ಹೆಡ್‌ಮಾಸ್ಟರಿಗೆ,
ಆಮೇಲೆ ಓಡಿಹೋದ ಚೀಟಿ ಕಂಪನಿಗೂ ಮಾಡಿಕೊಟ್ಟಿದ್ದೇನೆ.
ದೋಣಿಗೆ ಮೊಹರು?
ನೀರಿನ ಮೇಲೆ ಯಾರ ಕಚೇರಿ?

ನಕ್ಕು ಸ್ಟೂಲ್ ಎಳೆದುಕೊಂಡರು.
“ಸಮುದ್ರಕ್ಕೆ ಗೇಟಿಲ್ಲ ಅಂದುಕೊಂಡಿದ್ದೆ ನಾನೂ.
ಕೊಚ್ಚಿ ಬಿಡುವುದಕ್ಕೇ ಮೂರು ಕಚೇರಿ, ಎರಡು ದಿನ.
ಅವರು ಕಸ್ಟಮ್ಸಿಗೆ ಹೋಗಿ ಅಂದರು,
ಕಸ್ಟಮ್ಸಿನವರು ಊಟಕ್ಕೆ ಹೋಗಿದ್ದರು.
ಬಿಟ್ಟ ಚೀಟಿ ಇಲ್ಲದಿದ್ದರೆ ಮುಂದಿನ ಊರು ಸೇರಿಸುವುದಿಲ್ಲ,
ಟಿಸಿ ಇಲ್ಲದ ಹುಡುಗನನ್ನು ಶಾಲೆ ಸೇರಿಸದ ಹಾಗೆ.

“ಮಾಲ್ಡೀವ್ಸಿನ ಮೇಲ್ತುದಿಯ ದ್ವೀಪ. ಮುಟ್ಟಿದರೂ ಇಳಿಯುವಂತಿಲ್ಲ,
ಹಳದಿ ಬಾವುಟ ಏರಿಸಿ ಕೂತಿರಬೇಕು
ಸೂತಕದವರ ಹಾಗೆ.
ದಡದಲ್ಲಿ ಯಾರೋ ಮೀನು ಹುರಿಯುತ್ತಿದ್ದರು;
ವಾಸನೆಗೆ ಪಾಸ್‌ಪೋರ್ಟ್ ಬೇಡ ನೋಡು.
ಮಧ್ಯಾಹ್ನ ಐದು ಜನ ಶೂ ಬಿಚ್ಚಿ ಹತ್ತಿದರು.
ಇಲಿ ಉಂಟೇ? ಇಲ್ಲ.
ಈರುಳ್ಳಿ ಎಷ್ಟು? ನಾಲ್ಕು ಕಿಲೊ.
ದಾರಿಯಲ್ಲಿ ಸತ್ತವರುಂಟೇ?
ಇಲ್ಲ ಎಂದು ಬರೆದೆ, ಸಾಸಿವೆ ಎಂದಿದ್ದ ಸಾಲಿನ ಕೆಳಗೆ.
ಐವರಿಗೂ ಒಂದೊಂದು ಪ್ರತಿ, ಪ್ರತಿಗೊಂದು ಮೊಹರು.
ಮೊಹರಿಲ್ಲವೇ? ಹಾಗಾದರೆ ಹಡಗೇ ಅಲ್ಲ.

“ಅಣ್ಣ ಆಸ್ವಾಲ್ಡ್ ಚೀಲ ತಡಕಿ ತೆಗೆದ ಇದನ್ನು.”

ಕೌಂಟರಿನ ಮೇಲೆ ಮರದ ಹಿಡಿ.
ತಿರುಗುಮುರುಗು ಓದುವುದು ನನಗೆ ಅಭ್ಯಾಸ:
ಕಾಕ್ಸ್ ಟೌನ್ ನಿವಾಸಿಗಳ ಸಂಘ, ಖಜಾಂಚಿ.
“ಅಧಿಕಾರಿ ಬೆಳಕಿಗೆ ಹಿಡಿದು ನೋಡಿದ,
ತಲೆದೂಗಿ ಫೈಲಿಗೆ ಸೇರಿಸಿದ.”

ಅದು ನಮ್ಮಪ್ಪ ಕೊರೆದದ್ದು.
ಖಕಾರದ ಹೊಟ್ಟೆ ನೋಡಿದರೆ ಸಾಕು.
ಕೆಂಗೇರಿ ದಾಟದ ದತ್ತೋಬ ಪಿಸೆ
ಯಾವುದೋ ದ್ವೀಪದ ಕಪಾಟಿನಲ್ಲಿ
ಐದು ಪ್ರತಿಯಾಗಿ ಕೂತಿದ್ದಾನೆ.

ಹೇಳಲಿಲ್ಲ. ಲಂಗರು ಎಷ್ಟು ದೊಡ್ಡದಿರಲಿ ಎಂದು ಕೇಳಿದೆ.

“ಗಾಲೆಯಲ್ಲಿ ಅವನು ‘ನನಗಿಷ್ಟು ಸಾಕು’ ಅಂದುಬಿಟ್ಟ.
ಒಳಗೆ ಬಂದವರು ಇಬ್ಬರು, ಹೊರಡುವುದು ಒಬ್ಬಳು,
ಅವರ ಲೆಕ್ಕ ಕೂಡಲಿಲ್ಲ.
ಅವನ ವಿಮಾನದ ಟಿಕೆಟ್ ಕಣ್ಣಾರೆ ನೋಡುವವರೆಗೆ
ನನ್ನನ್ನೂ ಬಿಡಲಿಲ್ಲ.
ದೋಣಿ ಅಲ್ಲೇ ಕಟ್ಟಿದೆ. ಅವನು ಇಲ್ಲಿ, ಬೆಳಗ್ಗೆ ಹಾಲು ತರುತ್ತಾನೆ,
ಚಿಲ್ಲರೆ ಸರಿಯಾಗಿ ಎಣಿಸಿ ಮೇಜಿನ ಮೇಲಿಡುತ್ತಾನೆ.
ಮಾತಿಲ್ಲ.”

ಬಂದರು.
ಒಂದೇ ಮಾತು ಊರಿಗೂ, ಊರು ಮುಟ್ಟಿದವರಿಗೂ.
ಹೊರಟರು ಅನ್ನುವ ಊರು ಯಾವ ಕರಾವಳಿಯಲ್ಲೂ ಇಲ್ಲ;
ಅದಕ್ಕೇ ಇರಬೇಕು
ಬಿಡಿಸಿಕೊಳ್ಳಲು ಇಷ್ಟೊಂದು ಕಾಗದ.

ಅಕ್ಷರವನ್ನು ಈಗ ಲೇಸರ್ ಕೊರೆಯುತ್ತದೆ.
ಲಂಗರನ್ನು ಮಾತ್ರ ಕೈಯಲ್ಲಿ ಮಾಡಿದೆ, ಕಂಡವಳಲ್ಲ;
ಗುಜರಿಯವನ ತೂಕದ ಕೊಕ್ಕೆಯಂತೆ ಬಂತು.
“ಹೀಗೇ ಇರುತ್ತದೆ,” ಅಂದರು ಮೇಡಂ, ದೊಡ್ಡ ಮನಸ್ಸು.

ಹಳೆಯದನ್ನು ಇಲ್ಲಿ ಬಿಟ್ಟು ಹೋಗುತ್ತೀರಾ ಎಂದೆ.
“ಅದೂ ಇರಲಿ,” ಎರಡನ್ನೂ ಕರವಸ್ತ್ರದಲ್ಲಿ ಸುತ್ತುತ್ತಾ
“ರಸೀದಿ ಕೊಡು, ಮೊಹರು ಹಾಕಿ. ಈಗೀಗ ಅದೇ ಚಟ.”

ಐವತ್ತಾರು ವರ್ಷದ ಅಂಗಡಿ.
ಪೂರಾ ಡ್ರಾಯರ್ ತಡಕಿದೆ.
ನಮ್ಮದೇ ಹೆಸರಿನದು ಒಂದೂ ಇಲ್ಲ, ಅಪ್ಪ ಮಾಡಿರಲೇ ಇಲ್ಲ.

ಕರವಸ್ತ್ರ ಬಿಚ್ಚಿಸಿ
ಸಾಸಿವೆಯನ್ನೇ ಒತ್ತಿಕೊಟ್ಟೆ.